ಕಾಡಿನ ಹೂವು ತರಬಾರದು, ಹಳ್ಳದ ಮೀನು ತರಬಹುದಾ? ಮಗಳಿಗೆ ಏನು ಹೇಳಲಿ?

ತುಂಗೆ ದಡದವ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನನ್ನೂರು ತೀರ್ಥಹಳ್ಳಿ ಹತ್ತಿರ, ಕೆಲಸ ಬೆಂಗಳೂರಲ್ಲಿ. ಚಿಕ್ಕಂದಿನಿಂದ ನನಗೆ ಎರಡೇ ಹುಚ್ಚು. ಒಂದು ಗಾಳ ಹಾಕುವುದು, ಅದು ಅಪ್ಪನಿಂದ ಬಂದದ್ದು. ಇನ್ನೊಂದು ಆರ್ಕಿಡ್. ಅಂಗಡಿಯಲ್ಲಿ ಹೂವಿನ ಸಮೇತ ಮಾರುವ ಮಿಶ್ರತಳಿ ಅಲ್ಲ, ಕಾಡಲ್ಲಿ ತಾವಾಗಿ ಬೆಳೆಯುವ ಮೂಲ ಜಾತಿಗಳು. ಬಾಲ್ಕನಿಯಲ್ಲಿ ಈಗ 14 ಗಿಡ ಇವೆ. ಒಂದು ಸೀತಾಳೆ ದಂಡೆ, ಎರಡು ಏರಿಡೀಸ್, ಒಂದು ವಾಂಡಾ ಟೆಸಲಾಟಾ, ಉಳಿದವು ಡೆಂಡ್ರೋಬಿಯಂ. ಎಲ್ಲವೂ ನರ್ಸರಿಯಲ್ಲಿ ಬೀಜದಿಂದ ಬೆಳೆಸಿದವು. ಕಾಡಿನಿಂದ ಕಿತ್ತು ತಂದದ್ದು ಒಂದೂ ಇಲ್ಲ. ಈ ವಿಷಯದಲ್ಲಿ ನಾನು ಬಹಳ ಗಟ್ಟಿ.

ಮಗಳಿಗೆ ಐದು ವರ್ಷ. ಮೇ ಕೊನೆಯಲ್ಲಿ ಊರಿಗೆ ಹೋಗಿದ್ದೆವು. ಮೊದಲ ದಿನ ಶೃಂಗೇರಿ. ಅಲ್ಲಿ ಹೊಳೆಯ ಮೆಟ್ಟಿಲ ಮೇಲೆ ಕೂತು ಒಂದು ಪೊಟ್ಟಣ ಮಂಡಕ್ಕಿ ಪೂರ್ತಿ ಮೀನಿಗೆ ಹಾಕಿದಳು. ಅವಳ ತೊಡೆಗಿಂತ ದಪ್ಪ ಮೀನುಗಳು ಒಂದರ ಮೇಲೊಂದು ಬೀಳುತ್ತಿದ್ದವು. ಇವನ್ನು ಯಾರೂ ಹಿಡಿಯುವುದಿಲ್ವಾ ಅಂತ ಕೇಳಿದಳು. ಇಲ್ಲ ಪುಟ್ಟಿ, ಇವು ದೇವರ ಮೀನು ಅಂದೆ.

ಮಾರನೇ ದಿನ ಮನೆ ಹತ್ತಿರದ ಹಳ್ಳಕ್ಕೆ ಗಾಳ ತೆಗೆದುಕೊಂಡು ಹೋದೆವು. ಅವಳಿಗೆ ಅದು ಮೊದಲ ಸಲ. ಬೆರಳುದ್ದದ ಐದು ಮೀನು ಸಿಕ್ಕವು, ಬಕೆಟ್ಟಿನಲ್ಲಿ ಹಾಕಿಟ್ಟೆ. ಹಿಂದಿನ ರಾತ್ರಿ ಜೋರು ಗಾಳಿ ಮಳೆ ಆಗಿತ್ತು. ಆಚೆ ದಡದ ಮರದ ಒಂದು ಕೊಂಬೆ ಮುರಿದು ಹಳ್ಳಕ್ಕೆ ಅಡ್ಡ ಬಿದ್ದಿತ್ತು. ಅದರ ಮೇಲೆ ಒಂದು ದೊಡ್ಡ ಸೀತಾಳೆ ದಂಡೆ, ಮೂರು ಜಡೆ ಹೂವು, ಎಲ್ಲ ಅರಳಿವೆ. ಅವಳು ಕುಣಿದುಬಿಟ್ಟಳು. ಮನೆಗೆ ತಗೊಂಡು ಹೋಗೋಣ ಅಂತ ಹಟ. ಆಚೆ ದಡ ರಿಸರ್ವ್ ಫಾರೆಸ್ಟ್. ನಾನು ಯಾವಾಗಲೂ ಹೇಳುವ ಮಾತೇ ಹೇಳಿದೆ, ಕಾಡಿನದ್ದು ಕಾಡಲ್ಲೇ ಇರಬೇಕು, ನಾವು ತರಬಾರದು ಅಂತ.

ಅವಳು ಬಕೆಟ್ಟು ನೋಡಿದಳು. ಆಮೇಲೆ ನನ್ನ ಮುಖ ನೋಡಿ, 'ಹಾಗಾದ್ರೆ ಇವು ಯಾರ ಮೀನು ಅಪ್ಪಾ?' ಅಂದಳು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಮೀನು ವಾಪಸ್ ಬಿಟ್ಟು ಮನೆಗೆ ಬಂದೆವು. ಎರಡು ವಾರ ಆಯ್ತು, ಆ ಪ್ರಶ್ನೆ ಇನ್ನೂ ತಲೆಯಲ್ಲಿ ಸುತ್ತುತ್ತಿದೆ. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ? ಆ ಕೊಂಬೆಯ ಗಿಡಕ್ಕೆ ಏನು ಮಾಡಬಹುದಿತ್ತು?

ಜೊತೆಗೆ ಎರಡು ಸಣ್ಣ ಪ್ರಶ್ನೆ. ಬಾಲ್ಕನಿಯ ಸೀತಾಳೆ ದಂಡೆ ಮೂರು ವರ್ಷವಾದರೂ ಹೂ ಬಿಟ್ಟಿಲ್ಲ, ಎಲೆ ಮಾತ್ರ ಕಡು ಹಸಿರು, ಚೆನ್ನಾಗಿದೆ. ಇನ್ನೊಂದು, ಐದು ವರ್ಷದ ಮಗುವಿಗೆ ಎಂಥ ಗಾಳ ಕೊಡಬೇಕು? ನನ್ನದು ಅವಳಿಗೆ ಭಾರ. ಹದಿನೈದು ನಿಮಿಷಕ್ಕಿಂತ ಜಾಸ್ತಿ ಕೂರುವುದೂ ಇಲ್ಲ.

---

ಮೂಡಿಗೆರೆ ತೋಟ:

ನಿಮ್ಮ ಮಗಳ ಪ್ರಶ್ನೆ ಓದಿ ಖುಷಿ ಆಯ್ತು. ನನಗೆ ಅರವತ್ತು ದಾಟಿದೆ, ಕಾಫಿ ತೋಟ. ನನ್ನ ಮೊಮ್ಮಗನಿಗೂ ಇದೇ ವಯಸ್ಸು, ಹಾಗಾಗಿ ನಾನು ಅವನಿಗೆ ಹೇಗೆ ಹೇಳುತ್ತಿದ್ದೆ ಅಂತಲೇ ಬರೆಯುತ್ತೇನೆ.

ಸೀತಾಳೆ ದಂಡೆಯ ಒಂದು ಕಾಯಿಯಲ್ಲಿ ಲೆಕ್ಕವಿಲ್ಲದಷ್ಟು ಬೀಜ ಇರುತ್ತದೆ, ಹಿಟ್ಟಿನ ಥರ. ಆದರೆ ಆ ಬೀಜದೊಳಗೆ ಊಟ ಇಲ್ಲ. ಭತ್ತದ ಕಾಳಿನೊಳಗೆ ಅಕ್ಕಿ ಇದ್ದ ಹಾಗೆ ಅದರಲ್ಲಿ ಏನೂ ಇಲ್ಲ. ಗಾಳಿಯಲ್ಲಿ ಹಾರಿ ಹೋಗಿ ಸರಿಯಾದ ಮರದ ತೊಗಟೆ ಮೇಲೆ ಕೂರಬೇಕು, ಅಲ್ಲಿ ಸರಿಯಾದ ಶಿಲೀಂಧ್ರ ಸಿಗಬೇಕು, ಅದು ಊಟ ಕೊಟ್ಟರೆ ಮಾತ್ರ ಮೊಳಕೆ. ಆಮೇಲೂ ಮೊದಲ ಹೂವಿಗೆ ವರ್ಷಗಟ್ಟಲೆ ಕಾಯಬೇಕು. ನೀವು ನೋಡಿದ ಮೂರು ಜಡೆಯ ಗಿಡ ನಿಮ್ಮ ಮಗಳಿಗಿಂತ ಎಷ್ಟೋ ದೊಡ್ಡದು ಇರಬಹುದು. ಅದನ್ನು ತಂದರೆ ಆ ಜಾಗಕ್ಕೆ ಇನ್ನೊಂದು ಬರಲು ಅವಳು ಕಾಲೇಜಿಗೆ ಹೋಗಬೇಕಾಗುತ್ತದೆ. ನಮ್ಮ ತೋಟದಲ್ಲೇ ಕಂಡಿದ್ದೇನೆ. ಹಳೇ ಬಸರಿ, ಅತ್ತಿ, ಹಲಸು ಇದ್ದ ಕಡೆ ಮರದ ತುಂಬ ಇದ್ದವು. ಅವನ್ನು ತೆಗೆದು ಸಿಲ್ವರ್ ಓಕ್ ಹಾಕಿದ ಕಡೆ ಇವತ್ತಿಗೂ ಒಂದೂ ಬಂದಿಲ್ಲ. ಆ ಮರಗಳನ್ನು ಕಡಿಸಿದ್ದು ನಾವೇ, ಆ ನೋವು ನನಗೆ ಈಗಲೂ ಇದೆ.

ಮೀನಿನ ಲೆಕ್ಕ ಬೇರೆ. ಆದರೆ ಎಲ್ಲ ಮೀನಿನ ಲೆಕ್ಕವೂ ಒಂದೇ ಅಲ್ಲ. ಜಿಲೇಬಿ ಮೀನು, ಅಂದರೆ ತಿಲಾಪಿಯಾ, ನಮ್ಮದಲ್ಲ, ಆಫ್ರಿಕಾದ್ದು, 1952ರಲ್ಲಿ ನಮ್ಮ ದೇಶಕ್ಕೆ ತಂದರು. ತಾಯಿ ಮೊಟ್ಟೆಯನ್ನೂ ಮರಿಯನ್ನೂ ಬಾಯೊಳಗೆ ಇಟ್ಟುಕೊಂಡು ಕಾಯುತ್ತದೆ, ವರ್ಷಕ್ಕೆ ಎಷ್ಟೋ ಸಲ ಮರಿ ಮಾಡುತ್ತದೆ. ಕೆರೆಗೆ ಸೇರಿದರೆ ಬೇರೆ ಮೀನಿಗೆ ಜಾಗವೇ ಬಿಡುವುದಿಲ್ಲ. ಅದನ್ನು ಹಿಡಿದು ಸಾರು ಮಾಡಿ ತಿಂದರೆ ಕೆರೆಗೂ ಒಳ್ಳೆಯದು. ನಿಮ್ಮ ಹಳ್ಳದ ಬೆರಳುದ್ದದ ಮೀನು ಹಾಗಲ್ಲ. ಅವುಗಳಲ್ಲಿ ಎಷ್ಟೋ ಜಾತಿ ಈ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ.

ಹಾಗಾಗಿ ಮಗುವಿಗೆ ಹೇಳಲು ಸುಲಭ. ಬೇಗ ಬೇಗ ಆಗುವುದನ್ನು ಸ್ವಲ್ಪ ತಗೋಬಹುದು, ನಿಧಾನಕ್ಕೆ ಆಗುವುದನ್ನು ಮುಟ್ಟಬಾರದು. ಐದು ವರ್ಷದವರಿಗೆ ಇದು ಅರ್ಥ ಆಗುತ್ತದೆ. 'ದೇವರ ಮೀನು' ಅನ್ನುವ ಮಾತೂ ಬಿಡಬೇಡಿ. ಆ ಮಾತಿನಿಂದಲೇ ಶೃಂಗೇರಿಯಲ್ಲಿ, ಶಿಶಿಲದಲ್ಲಿ, ನಿಮ್ಮ ಪಕ್ಕದ ಚಿಪ್ಪಲಗುಡ್ಡೆಯಲ್ಲಿ ದೊಡ್ಡ ಮೀನು ಉಳಿದಿರುವುದು.

ಕೊಂಬೆ ವಿಷಯ. ನೆಲದಲ್ಲಿ ಬಿಟ್ಟರೆ ಆ ಗಿಡ ಮಳೆಗಾಲದಲ್ಲಿ ಕೊಳೆತು ಹೋಗುತ್ತದೆ. ಮರದ ಮೇಲೆ ಬೇರಿಗೆ ಗಾಳಿ ಆಡಬೇಕು, ನೆಲದ ಒದ್ದೆ ಅದಕ್ಕೆ ಆಗುವುದಿಲ್ಲ. ಆದರೆ ರಿಸರ್ವ್ ಫಾರೆಸ್ಟಿನದ್ದು ಬಿದ್ದದ್ದಾದರೂ ಮನೆಗೆ ತರುವ ಹಾಗಿಲ್ಲ, ನೀವು ಹೇಳಿದ್ದು ಸರಿ. ಊರಿನ ಗಾರ್ಡಿಗೆ ಹೇಳಿ. ಅಲ್ಲೇ ಪಕ್ಕದ ಮರಕ್ಕೆ ಕಟ್ಟಲು ಅವರು ಒಪ್ಪಬಹುದು. ನಮ್ಮ ತೋಟದಲ್ಲಿ ಪ್ರತಿ ವರ್ಷ ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವುದು) ಮಾಡಿದಾಗ ಕೆಳಗೆ ಬಿದ್ದ ಕೊಂಬೆಗಳಲ್ಲಿ ಹುಡುಕಿ, ಗಿಡವನ್ನು ಕೀಳದೆ ಆ ತೊಗಟೆ ಸಮೇತ ಗರಗಸದಲ್ಲಿ ಕತ್ತರಿಸಿ, ಇನ್ನೊಂದು ಮರದ ಕವಲಿಗೆ ಹಳೇ ಹತ್ತಿ ಸೀರೆಯ ಪಟ್ಟಿಯಿಂದ ಬಿಗಿಯಾಗಿ ಕಟ್ಟುತ್ತೇವೆ. ಬಟ್ಟೆ ಒಂದೆರಡು ವರ್ಷಕ್ಕೆ ಕರಗುತ್ತದೆ, ಅಷ್ಟರಲ್ಲಿ ಬೇರು ಹಿಡಿದಿರುತ್ತದೆ. ಪ್ಲಾಸ್ಟಿಕ್ ದಾರ ಬೇಡ. ಜೂನ್ ಮಳೆ ಹಿಡಿಯುವಾಗ ಕಟ್ಟಿದರೆ ಬಹುತೇಕ ಬದುಕುತ್ತವೆ.

---

ಶಿರಸಿ ಅಂಗಳ:

ಅಣ್ಣ, ನಿಮ್ಮ ಸೀತಾಳೆ ದಂಡೆಗೆ ಬಿಸಿಲು ಸಾಲುತ್ತಿಲ್ಲ. ಎಲೆ ಕಡು ಹಸಿರು ಅಂದಿರಲ್ಲ, ಅದೇ ಗುರುತು. ಸರಿಯಾಗಿ ಬೆಳಕು ಸಿಕ್ಕ ಗಿಡದ ಎಲೆ ತಿಳಿ ಹಸಿರು, ಸ್ವಲ್ಪ ಹಳದಿ ಕಡೆಗೆ ಇರುತ್ತದೆ. ನೋಡಲು ಅಷ್ಟು ಚೆಂದ ಅಲ್ಲ, ಆದರೆ ಹೂ ಬಿಡುವುದು ಅದೇ. ಬೆಳಗಿನ ಬಿಸಿಲು ಎರಡು ಮೂರು ಗಂಟೆ ನೇರ ಬೀಳುವ ಕಡೆ ತೂಗುಹಾಕಿ. ಒಂದೇ ದಿನಕ್ಕೆ ಬದಲಾಯಿಸಬೇಡಿ, ಎಲೆ ಸುಡುತ್ತದೆ. ವಾರಕ್ಕೆ ಸ್ವಲ್ಪ ಸ್ವಲ್ಪ ಮುಂದೆ ತನ್ನಿ.

ಕುಂಡದಲ್ಲಿದೆಯಾ? ಹಾಗಿದ್ದರೆ ಒಳಗೇನಿದೆ? ತೆಂಗಿನ ನಾರು ತುಂಬಿದ್ದರೆ ಅದೇ ಕಾರಣ ಇರಬಹುದು, ಅದು ನೀರು ಹಿಡಿದಿಟ್ಟು ಬೇರು ಕೊಳೆಸುತ್ತದೆ. ನಾನು ಮರದ ಬುಟ್ಟಿಯಲ್ಲಿ ನಾಲ್ಕು ತುಂಡು ಇದ್ದಿಲು, ಎರಡು ತುಂಡು ಇಟ್ಟಿಗೆ ಅಷ್ಟೇ ಹಾಕುತ್ತೇನೆ, ಬೇರು ಹೊರಗೆ ನೇತಾಡಲಿ ಅಂತ ಬಿಡುತ್ತೇನೆ. ಆದರೆ ಒಂದು ಮಾತು, ಈ ಗಿಡಕ್ಕೆ ಬೇರು ಅಲುಗಾಡಿಸಿದರೆ ಆಗುವುದೇ ಇಲ್ಲ. ಒಂದು ಸಲ ಜಾಗ ಬದಲಾಯಿಸಿದರೆ ಒಂದೆರಡು ವರ್ಷ ಮುನಿಸಿಕೊಂಡು ಕೂರುತ್ತದೆ. ಮೂರು ವರ್ಷದಲ್ಲಿ ನೀವು ಎಷ್ಟು ಸಲ ಕುಂಡ ಬದಲಾಯಿಸಿದ್ದೀರಿ ಅಂತ ಯೋಚನೆ ಮಾಡಿ. ನಾನು ಮೊದಮೊದಲು ಪ್ರತಿ ವರ್ಷ ಬದಲಾಯಿಸುತ್ತಿದ್ದೆ, ಪ್ರೀತಿಯಿಂದಲೇ ಮಾಡಿದ್ದು, ಐದು ವರ್ಷ ಹೂವೇ ಕಾಣಲಿಲ್ಲ.

ಬೆಂಗಳೂರಿನ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಒಣ ಗಾಳಿ ಇವಕ್ಕೆ ಕಷ್ಟ. ಬೆಳಿಗ್ಗೆ ಒಂದು ಸಲ, ಬೇಕಾದರೆ ಮಧ್ಯಾಹ್ನ ಮೂರರೊಳಗೆ ಇನ್ನೊಂದು ಸಲ ನೀರು ಚಿಮುಕಿಸಿ, ರಾತ್ರಿಗೆ ಎಲೆ ಬುಡ ಒಣಗಿರಬೇಕು. ಬೋರ್‌ವೆಲ್ ನೀರಾದರೆ ಬೇರಿನ ಮೇಲೆ ಬಿಳಿ ಉಪ್ಪು ಕೂರುತ್ತದೆ. ಮಳೆ ನೀರು ಹಿಡಿದಿಟ್ಟರೆ ಅದಕ್ಕಿಂತ ಒಳ್ಳೆಯದಿಲ್ಲ.

ಈ ನೀರು ಚಿಮುಕಿಸುವ ಕೆಲಸ ಮಗಳಿಗೆ ಕೊಟ್ಟುಬಿಡಿ! ಒಣಗಿದ ಬೇರು ಬೆಳ್ಳಿ ಥರ ಬೆಳ್ಳಗೆ ಇರುತ್ತದಲ್ಲ, ನೀರು ಬಿದ್ದ ಕೂಡಲೇ ಅವಳ ಕಣ್ಣ ಮುಂದೆಯೇ ಹಸಿರಾಗುತ್ತದೆ. ಮೇಲಿನ ಸ್ಪಂಜಿನಂಥ ಪದರ ನೀರು ಕುಡಿದು ಪಾರದರ್ಶಕ ಆಗುತ್ತದೆ, ಒಳಗಿನ ಹಸಿರು ಕಾಣುತ್ತದೆ. ನನ್ನ ತಂಗಿಯ ಮಗ ಅದನ್ನು ದಿನಾ ನೋಡಿದರೂ ದಿನಾ ಕೂಗುತ್ತಾನೆ. ಗಿಡ ನೀರು ಕುಡಿಯುವುದು ಮಗುವಿಗೆ ಕಾಣುವುದು ಇದೊಂದರಲ್ಲೇ ಅಂತ ನನಗನಿಸುತ್ತದೆ.

ಡೆಂಡ್ರೋಬಿಯಂ ಯಾವುದು ಅಂತ ಬರೆದಿಲ್ಲ. ಓವೇಟಂ ಅಥವಾ ಬಾರ್ಬಾಟುಲಂ ಆದರೆ ಚಳಿಗಾಲದಲ್ಲಿ ಎಲೆ ಪೂರ್ತಿ ಉದುರಿ ಒಣ ಕಡ್ಡಿ ಆಗುತ್ತದೆ. ಸತ್ತಿತು ಅಂತ ಎಸೆಯಬೇಡಿ, ನೀರು ಜಾಸ್ತಿ ಹಾಕಿ ಎಬ್ಬಿಸಲೂ ಹೋಗಬೇಡಿ. ಆ ಬರೀ ಕಡ್ಡಿಯಲ್ಲೇ ಬಿಳಿ ಹೂವು ಬರುವುದು.

ಇನ್ನೊಂದು, ಸೀತೆ ವನವಾಸದಲ್ಲಿ ಮುಡಿದ ಹೂವು ಅಂತ ನಮ್ಮ ಕಡೆ ಹೇಳುತ್ತಾರಲ್ಲ, ಇದೇ ಹೂವನ್ನು ಅಸ್ಸಾಮಿನಲ್ಲಿ ಕಪೌ ಫೂಲ್ ಅಂತ ಬಿಹು ಹಬ್ಬಕ್ಕೆ ಹುಡುಗಿಯರು ಮುಡಿಯುತ್ತಾರೆ. ಅದು ಅವರ ರಾಜ್ಯಪುಷ್ಪ. ಮಗಳಿಗೆ ಈ ಕಥೆ ಹೇಳಿ, ಹೂವು ಮನೆಗೆ ಬರದಿದ್ದರೂ ಕಥೆ ಬರಲಿ.

---

ಉಡುಪಿ ಗಾಳ:

ನಾನು ಅಮ್ಮ, ಇಬ್ಬರು ಮಕ್ಕಳು, ಏಳು ಮತ್ತು ನಾಲ್ಕು. ಇಬ್ಬರನ್ನೂ ಹೊಳೆಗೆ ಕರೆದುಕೊಂಡು ಹೋಗುತ್ತೇನೆ, ಹಾಗಾಗಿ ಗಾಳದ ಪ್ರಶ್ನೆಗೆ ನಾನು ಹೇಳುತ್ತೇನೆ.

ರೀಲ್ ಇರುವ ರಾಡ್ ಈಗಲೇ ಬೇಡ. ಅವಳ ಎತ್ತರಕ್ಕಿಂತ ಸ್ವಲ್ಪ ಉದ್ದದ ತೆಳು ಬಿದಿರು ಕೋಲು, ತುದಿಗೆ ಕೋಲಿನಷ್ಟೇ ಉದ್ದದ ದಾರ. ದಾರ ಅದಕ್ಕಿಂತ ಉದ್ದ ಆದರೆ ಸಿಕ್ಕು ಬಿಡಿಸುವುದರಲ್ಲೇ ನಿಮ್ಮ ಬೆಳಗು ಕಳೆಯುತ್ತದೆ. ಬೆಂಡಿಗೆ ಒಣ ಜೋಳದ ದಂಟಿನ ತುಂಡು ಸಾಕು, ಅದಕ್ಕೆ ಕೆಂಪು ಬಣ್ಣ ಅವಳೇ ಬಳಿಯಲಿ. ಕೊಕ್ಕೆ ಸಣ್ಣದು, 12 ಅಥವಾ 14ನೇ ನಂಬರ್. ಕೊಕ್ಕೆಯ ಹಿಂಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿಬಿಡಿ. ಮೀನಿನ ಬಾಯಿಂದ ಸುಲಭವಾಗಿ ಬರುತ್ತದೆ, ಮಗುವಿನ ಬೆರಳಿಗೆ ಚುಚ್ಚಿದರೂ ಸುಲಭವಾಗಿ ಬರುತ್ತದೆ. ಭಾರಕ್ಕೆ ಸೀಸದ ಗುಂಡು ಬೇಡವೇ ಬೇಡ. ಈ ವಯಸ್ಸಿನವರ ಕೈ ಯಾವಾಗಲೂ ಬಾಯಲ್ಲಿ, ಸೀಸ ವಿಷ. ಸಣ್ಣ ಕಬ್ಬಿಣದ ನಟ್ ಕಟ್ಟಿ.

ಎರೆಹುಳು ಅಗೆಯುವುದು ಅವಳಿಗೆ ಮೀನು ಹಿಡಿಯುವುದಕ್ಕಿಂತ ಖುಷಿ ಕೊಡಬಹುದು, ಅರ್ಧ ಗಂಟೆ ಅದಕ್ಕೇ ಹೋಗಲಿ. ಅವಳಿಗೆ ಹುಳು ಪಾಪ ಅನಿಸಿದರೆ ರಾಗಿ ಹಿಟ್ಟಿನ ಉಂಡೆ. ಹದಿನೈದು ನಿಮಿಷ ಕೂರುತ್ತಾಳೆ ಅಂದಿರಿ, ಐದು ವರ್ಷಕ್ಕೆ ಅದು ಬಹಳ ಆಯ್ತು. ನಮ್ಮ ಚಿಕ್ಕವನು ಐದು ನಿಮಿಷ. ಅವನು ಎದ್ದ ಕೂಡಲೇ ನನ್ನ ಗಾಳವನ್ನೂ ಎತ್ತಿಡುತ್ತೇನೆ. ಇನ್ನೊಂದು ಮೀನು ಸಿಗಲಿ ತಡಿ ಅಂದರೆ ಮುಗಿಯಿತು, ಮುಂದಿನ ಸಲ ಮಗು ಬರುವುದಿಲ್ಲ. ನಿಮಗೆ ನಿಜವಾಗಿ ಮೀನು ಬೇಕಾದ ದಿನ ಒಬ್ಬರೇ ಹೋಗಿ.

ಇನ್ನು ನೀರಿನ ವಿಷಯ, ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಲೈಫ್ ಜಾಕೆಟ್ ಹಾಕಿಸಿ, ಮೊಣಕಾಲುದ್ದ ನೀರಾದರೂ. ನಿಮ್ಮ ಕೈಗೆ ಸಿಗುವಷ್ಟೇ ದೂರ, ಒಂದು ಕೈ ಯಾವಾಗಲೂ ಖಾಲಿ. ಫೋನ್ ಮನೆಯಲ್ಲಿ ಬೇಡ, ಆದರೆ ಜೇಬಿನಿಂದ ಹೊರಗೂ ಬೇಡ. ಟೋಪಿ, ಕನ್ನಡಕ ಇರಲಿ, ಕೊಕ್ಕೆ ಹಾರಿ ಕಣ್ಣಿಗೆ ಬೀಳುವುದು ಮಕ್ಕಳಲ್ಲಿ ಜಾಸ್ತಿ. ಮಲೆನಾಡಿನ ಹಳ್ಳ ನಿಮಗೆ ನನಗಿಂತ ಗೊತ್ತು, ಇಲ್ಲಿ ಬಿಸಿಲಿದ್ದರೂ ಮೇಲೆ ಮಳೆ ಬಿದ್ದರೆ ನೀರು ಏರಿಬಿಡುತ್ತದೆ. ನೀರಿನ ಬಣ್ಣ ಕೆಂಪಾಯಿತು, ತರಗೆಲೆ ತೇಲಿ ಬರುತ್ತಿದೆ ಅಂದರೆ ಆ ಕ್ಷಣವೇ ಎದ್ದು ಬನ್ನಿ.

ಮಳೆ ಹಿಡಿದ ಮೇಲೆ ಜೂನ್ ಜುಲೈ ಹಳ್ಳದಲ್ಲಿ ಗಾಳ ಬೇಡ. ಕಡಲಿನಲ್ಲೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಇಳಿಯುವುದಿಲ್ಲ, ಮೀನು ಮರಿ ಮಾಡುವ ಕಾಲ ಅಂತ. ನಮ್ಮ ಮನೆಯಲ್ಲಿ ಆ ಎರಡು ತಿಂಗಳು ಮಕ್ಕಳೂ ಗಾಳ ಮುಟ್ಟುವುದಿಲ್ಲ, ಅದು ಅವರಿಗೆ ಹಬ್ಬದ ನಿಯಮದ ಥರ ಅಭ್ಯಾಸ ಆಗಿದೆ.

---

ಹೊಳೆ ಸಾಲು:

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ, ಆದರೂ ನನಗೆ ಬೇರೆ ಅನಿಸುತ್ತದೆ. ತಿನ್ನುವುದಕ್ಕೆ ಹಿಡಿದರೆ ಒಪ್ಪುತ್ತೇನೆ. ಹಿಡಿದು ಬಿಡುವುದು ಯಾಕೆ? ಅದರ ಬಾಯಿಗೆ ಕೊಕ್ಕೆ ಚುಚ್ಚಿ ನಮ್ಮ ಖುಷಿ ಆದ ಮೇಲೆ ಬಿಟ್ಟರೆ ಮೀನಿಗೆ ನೋವಾಗಿಲ್ಲ ಅಂತಲಾ? ಮಗು ಕೇಳಿದ್ದು ಇದನ್ನೇ ಅಂತ ನನಗನಿಸಿತು. ಮೀನು ನೋಡಬೇಕು ಅಂದರೆ ಗಾಜಿನ ಜಾಡಿಯಲ್ಲಿ ಸಣ್ಣ ಬಲೆಯಿಂದ ಹಿಡಿದು ಹತ್ತು ನಿಮಿಷ ನೋಡಿ ಬಿಡಬಹುದಲ್ಲ.

---

ಉಡುಪಿ ಗಾಳ:

ಹೊಳೆ ಸಾಲು ಅವರೇ, ನಿಮ್ಮ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ನೋವಾಗುತ್ತದೆ. ನಮ್ಮ ಮನೆಯ ನಿಯಮ ಹೀಗೆ: ತಿನ್ನುವ ಮೀನು ಇರುವ ಕಡೆ ಮಾತ್ರ ಗಾಳ, ಸಾಕಾದಷ್ಟು ಸಿಕ್ಕ ಕೂಡಲೇ ನಿಲ್ಲಿಸುವುದು. ತಪ್ಪಿ ಸಣ್ಣದು ಅಥವಾ ಬೇರೆ ಜಾತಿ ಬಂದರೆ ಮಾತ್ರ ಬಿಡುವುದು. ಬಿಡುವಾಗ ಮೊದಲು ಕೈ ಒದ್ದೆ ಮಾಡಬೇಕು, ಒಣ ಕೈಯಲ್ಲಿ ಹಿಡಿದರೆ ಮೈ ಮೇಲಿನ ಲೋಳೆ ಹೋಗಿ ಆಮೇಲೆ ರೋಗ ಬಂದು ಸಾಯಬಹುದು. ನೀರೊಳಗೇ ಕೊಕ್ಕೆ ತೆಗೆಯಬೇಕು. ಫೋಟೋಗೆ ಅಂತ ಮೇಲೆ ಎತ್ತುವುದು ಬೇಡ. ಜಾಡಿಯ ಉಪಾಯ ಒಳ್ಳೆಯದು, ನಾಲ್ಕು ವರ್ಷದವನಿಗೆ ನಾನೂ ಅದನ್ನೇ ಮಾಡುತ್ತೇನೆ.

ಕೆಲವು ಮೀನು ಹಿಡಿಯುವ ಮಾತೇ ಇಲ್ಲ. ಕಾವೇರಿಯ ಡುಬ್ಬದ ಮಹಶೀರ್ ಅಂತಹದ್ದು. 1946ರಲ್ಲಿ ಕಬಿನಿಯಲ್ಲಿ 120 ಪೌಂಡ್ ತೂಗುವುದು ಗಾಳಕ್ಕೆ ಸಿಕ್ಕಿತ್ತು. ಅದೇ ಮೀನಿಗೆ ವೈಜ್ಞಾನಿಕ ಹೆಸರು ಯಾವುದು ಅಂತ ಖಚಿತ ಆಗಿದ್ದು 2018ರಲ್ಲಿ, ಅಷ್ಟರಲ್ಲಿ ಅದು ಅಳಿವಿನ ಅಂಚಿಗೆ ಬಂದಾಗಿತ್ತು. ಹೆಸರು ಸಿಗುವ ಮೊದಲೇ ಕಳೆದುಕೊಳ್ಳುತ್ತಿದ್ದೆವು. ಇದನ್ನು ನೆನೆದಾಗೆಲ್ಲ ಸಂಕಟ ಆಗುತ್ತದೆ.

---

ತುಂಗೆ ದಡದವ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಳೆದ ಶನಿವಾರ ಮತ್ತೆ ಊರಿಗೆ ಹೋಗಿದ್ದೆ, ಏನಾಯಿತು ಅಂತ ಹೇಳುತ್ತೇನೆ.

ಮೊದಲು ಮಗಳ ಹತ್ತಿರ ಕೂತು ಮೂಡಿಗೆರೆ ತೋಟದವರು ಹೇಳಿದ ಹಾಗೆ ಹೇಳಿದೆ. ಬೇಗ ಆಗುವುದು, ನಿಧಾನಕ್ಕೆ ಆಗುವುದು ಅಂತ. ಕೇಳಿಕೊಂಡಳು. 'ಹಳ್ಳದ ಮೀನು ಬೇಗ ಆಗತ್ತಾ?' ಅಂದಳು. ಇಲ್ಲ ಪುಟ್ಟಿ, ನಾನು ಅದನ್ನು ಯೋಚನೆ ಮಾಡಿರಲಿಲ್ಲ, ತಪ್ಪು ನನ್ನದು ಅಂದೆ. ಇನ್ನು ಗಾಳ ಕೆರೆಗೆ ಮಾತ್ರ, ಜಿಲೇಬಿ ಮೀನಿಗೆ ಮಾತ್ರ ಅಂತ ನಮ್ಮಿಬ್ಬರಲ್ಲಿ ಮಾತಾಯಿತು. ಇದರ ಜೊತೆ ಇನ್ನೊಂದೂ ಬಿಡಬೇಕು ಅಂತ ನನಗೇ ಅನಿಸಿತು. ಮೊದಲ ಮಳೆಗೆ ಹತ್ತುಮೀನು ಹಿಡಿಯಲು ರಾತ್ರಿ ಗದ್ದೆಗೆ ಹೋಗುವುದು ನನ್ನ ಬಾಲ್ಯದ ದೊಡ್ಡ ಸಂಭ್ರಮ. ಅಪ್ಪನ ಜೊತೆ, ಟಾರ್ಚ್ ಹಿಡಿದು, ಮೈಯೆಲ್ಲ ಉಂಬಳ. ಅವು ಮೊಟ್ಟೆ ಇಡಲೆಂದೇ ಹೊಳೆಯಿಂದ ಹತ್ತಿ ಬರುವ ಮೀನು. ಈ ವರ್ಷ ಅವಳನ್ನು ಕರೆದುಕೊಂಡು ಟಾರ್ಚ್ ಹಿಡಿದು ಹೋಗುತ್ತೇನೆ, ಆದರೆ ಕತ್ತಿ, ಬುಟ್ಟಿ ಎರಡೂ ಮನೆಯಲ್ಲೇ ಇರುತ್ತವೆ. ಅಪ್ಪನಿಗೆ ಇದನ್ನು ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು, ಆಮೇಲೆ ನಾನೂ ಬರುತ್ತೇನೆ ಅಂದರು.

ಗಾರ್ಡ್ ಒಪ್ಪಿದರು. ಅವರೇ ಜೊತೆಗೆ ಬಂದರು. ಕೊಂಬೆ ಇನ್ನೂ ಹಳ್ಳದ ಮೇಲೆ ಅಡ್ಡ ಇತ್ತು, ಹೂವು ಉದುರಿತ್ತು, ಆದರೆ ಗಿಡ ಗಟ್ಟಿ. ತೊಗಟೆ ಸಮೇತ ಕತ್ತರಿಸಿದೆವು. ಅಮ್ಮನ ಹಳೇ ಹತ್ತಿ ಸೀರೆ ಹರಿದು ತಂದಿದ್ದೆ. ಅಲ್ಲೇ ಆಚೆ ದಡದ ಮತ್ತಿ ಮರಕ್ಕೆ, ನನ್ನ ತಲೆಗಿಂತ ಸ್ವಲ್ಪ ಮೇಲೆ ಕಟ್ಟಿದೆವು. ಕೊನೆಯ ಗಂಟು ಮಗಳದ್ದೇ, ಗಾರ್ಡ್ ಅವಳನ್ನು ಹೆಗಲ ಮೇಲೆ ಎತ್ತಿಕೊಂಡಿದ್ದರು. ಒಂದು ಬೇರಿನ ತುದಿ ಹಸಿರಾಗಿ ಹೊಸದಾಗಿ ಬರುತ್ತಿತ್ತು, ಅದನ್ನು ಮುಟ್ಟದೆ ಕಟ್ಟು ಅಂತ ನನಗೇ ಹೇಳಿದಳು.

ಶಿರಸಿ ಅಕ್ಕ, ಕುಂಡ ಮೂರು ವರ್ಷದಲ್ಲಿ ಎರಡು ಸಲ ಬದಲಾಯಿಸಿದ್ದೇನೆ. ಒಳಗೆ ನಾರು ಇದೆ. ಈ ವಾರ ಇದ್ದಿಲಿಗೆ ಹಾಕಿ ಪೂರ್ವದ ಕಡೆ ತೂಗುಹಾಕಿ ಬಿಡುತ್ತೇನೆ, ಆಮೇಲೆ ಮುಟ್ಟುವುದಿಲ್ಲ. ನೀರಿನ ಬಾಟಲಿ ಆಗಲೇ ಅವಳ ಕೈಯಲ್ಲಿದೆ.

---

ಶಿರಸಿ ಅಂಗಳ:

ನಾರು ಪೂರ್ತಿ ಕಿತ್ತು ತೆಗೆಯಬೇಡಿ, ಬೇರಿಗೆ ಅಂಟಿಕೊಂಡದ್ದು ಹಾಗೇ ಇರಲಿ. ಸಡಿಲ ಇದ್ದದ್ದು ಮಾತ್ರ ತೆಗೆದು, ಒಂದು ರಾತ್ರಿ ನೆರಳಲ್ಲಿ ಒಣಗಿಸಿ ಬುಟ್ಟಿಗೆ ಹಾಕಿ. ಮತ್ತಿ ಮರದ ಗಿಡದ ಫೋಟೋ ಮುಂದಿನ ಮೇನಲ್ಲಿ ಹಾಕಬೇಕು, ಮರೀಬೇಡಿ.